ಹೆಸರಿಲ್ಲದ ಪಾತ್ರೆ, ತಾರೀಖಿಲ್ಲದ ಫೋಟೋ



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನನ್ನ ಮೊಬೈಲಿಗೆ ಒಂದು ಚಿತ್ರವನ್ನು ಕಳುಹಿಸಿದ. ಮೈಸೂರಿನ ಕೆ.ಆರ್. ಸರ್ಕಲ್ಲಿನ ಹಳೆಯ ಛಾಯಾಚಿತ್ರ. ಯಾವುದೋ ಮಹಡಿಯ ಮೇಲೆ ನಿಂತು ತೆಗೆದದ್ದು. ನಡುವೆ ಮಂಟಪದಡಿ ನಾಲ್ವಡಿ ಕೃಷ್ಣರಾಜ ಒಡೆಯರ ಪ್ರತಿಮೆ, ಸುತ್ತ ಅಗಲವಾದ ರಸ್ತೆ, ಎರಡು ಟಾಂಗಾ, ನಾಲ್ಕಾರು ಸೈಕಲ್ಲು, ಕೈಚೀಲ ಹಿಡಿದು ನಿಧಾನವಾಗಿ ರಸ್ತೆ ದಾಟುತ್ತಿರುವ ಮಂದಿ. ಕಪ್ಪುಬಿಳುಪಿನ ಆ ಚಿತ್ರಕ್ಕೆ ಬಣ್ಣ ತುಂಬಲಾಗಿತ್ತು. ಆಕಾಶ ನೀಲಿ, ಮರ ಹಸಿರು, ಹೆಂಗಸರ ಸೀರೆಗಳೆಲ್ಲ ಒಂದೇ ಬಗೆಯ ಗುಲಾಬಿ. ಕೆಳಗೊಂದು ಒಕ್ಕಣೆ: "1930ರ ದಶಕದ ಮೈಸೂರು. ಜನಜಂಗುಳಿಯಿಲ್ಲ, ಕೊಳೆಯಿಲ್ಲ, ಗಡಿಬಿಡಿಯಿಲ್ಲ. ಆ ಸುವರ್ಣಯುಗ ಮತ್ತೆ ಬಾರದು."

"ಸಾರ್, ನಿಮಗೆ ಖುಷಿಯಾಗಲೆಂದು ನಾನೇ ಬಣ್ಣ ಹಾಕಿಸಿದೆ" ಎಂದು ಅವನು ಬರೆದಿದ್ದ. ಖುಷಿಯಾಯಿತೆಂದೇ ಉತ್ತರಿಸಿದೆ. ನಿವೃತ್ತ ಮೇಷ್ಟ್ರನ್ನು ನೆನಪಿಟ್ಟುಕೊಳ್ಳುವ ಶಿಷ್ಯರಿರುವುದೇ ಒಂದು ಭಾಗ್ಯ. ಆದರೆ ಮೂವತ್ತು ವರ್ಷಕ್ಕೂ ಮೀರಿ ಉತ್ತರಪತ್ರಿಕೆ ತಿದ್ದಿದ ಕಣ್ಣು ಸುಮ್ಮನಿರುವುದಿಲ್ಲ. ಆ ಒಕ್ಕಣೆಯಲ್ಲಿ ನನಗೆ ಮೂರು ತಪ್ಪುಗಳು ಕಂಡವು. ಅವನ್ನು ತಿದ್ದಲು ಹೊರಟವನಿಗೆ ಕಡೆಯಲ್ಲಿ ನನ್ನದೇ ಒಂದು ಹಳೆಯ ತಪ್ಪು ಎದುರಾಯಿತು. ಈ ಬರಹ ಅದರ ಕುರಿತಾಗಿದೆ.

ಮೊದಲು, ದೂರದೂರುಗಳಲ್ಲಿ ಹುಟ್ಟಿ ಬೆಳೆದ ನಮ್ಮ ಮನೆಯ ಮಕ್ಕಳಿಗಾಗಿ ಸ್ಥಳಪರಿಚಯ. ಕೆ.ಆರ್. ಸರ್ಕಲ್ ಎಂದರೆ ಕೃಷ್ಣರಾಜ ವೃತ್ತ. ಸಯ್ಯಾಜಿರಾವ್ ರಸ್ತೆ ಇಲ್ಲಿಂದ ಉತ್ತರಕ್ಕೆ ಹೊರಡುತ್ತದೆ. ದಸರಾ ಜಂಬೂಸವಾರಿ ಅರಮನೆಯಿಂದ ಹೊರಟು ಈ ವೃತ್ತವನ್ನು ಬಳಸಿಯೇ ಬನ್ನಿಮಂಟಪದ ದಾರಿ ಹಿಡಿಯುತ್ತದೆ. ಪಕ್ಕದಲ್ಲಿ ದೇವರಾಜ ಮಾರುಕಟ್ಟೆ. ಅದರ ಮುಂದೆ ವೈಸ್‌ರಾಯ್ ಡಫರಿನ್ 1886ರಲ್ಲಿ ಮೈಸೂರಿಗೆ ಬಂದ ನೆನಪಿಗೆ ಕಟ್ಟಿದ ಚಿಕ್ಕ ಗಡಿಯಾರ. ಅನತಿ ದೂರದಲ್ಲಿ, ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ 1927ರಲ್ಲಿ ಎದ್ದ ದೊಡ್ಡ ಗಡಿಯಾರ. ಅದರ ಮುಖದಲ್ಲಿ ಕನ್ನಡದ ಅಂಕಿಗಳಿವೆ. ಇನ್ನೊಂದು ಮಗ್ಗುಲಿಗೆ 1892ರ ಲ್ಯಾನ್ಸ್‌ಡೌನ್ ಕಟ್ಟಡ. ಹೂವಿನವರು, ಹಣ್ಣಿನವರು, ಪುಸ್ತಕದ ಅಂಗಡಿಗಳು, ಸಿಟಿ ಬಸ್ಸು ಹಿಡಿಯಲು ಓಡುವವರು ಎಲ್ಲರೂ ಬಂದು ಸೇರುವ ಜಾಗ. ಮೈಸೂರಿನಲ್ಲಿ ಹುಟ್ಟಿದವನಿಗೆ "ಊರೊಳಗೆ ಹೋಗಿ ಬರುತ್ತೇನೆ" ಎಂದರೆ ಇಲ್ಲಿಗೆ ಎಂದೇ ಅರ್ಥ.

ಈಗ ತಪ್ಪುಗಳಿಗೆ ಬರೋಣ. ಮೊದಲನೆಯದು ಇಸವಿ. ನಾಲ್ವಡಿಯವರು ತೀರಿಕೊಂಡದ್ದು 1940ರಲ್ಲಿ. ವೃತ್ತದ ಪ್ರತಿಮೆ ಅವರ ನಂತರ ಬಂದದ್ದು. ಹಾಗಿದ್ದ ಮೇಲೆ ಪ್ರತಿಮೆಯಿರುವ ಚಿತ್ರ 1930ರ ದಶಕದ್ದಾಗುವುದು ಹೇಗೆ? ನಾನು ಶಿಷ್ಯನಿಗೆ, "ಬಣ್ಣ ಹಾಕುವುದಕ್ಕೆ ಮೊದಲಿನ ಪ್ರತಿ ಇದ್ದರೆ ಕಳುಹಿಸಪ್ಪ" ಎಂದು ಕೇಳಿದೆ. ಮೂಲ ಪ್ರತಿ ಅವನ ಸ್ನೇಹಿತನ ಅಜ್ಜನ ಆಲ್ಬಮ್ಮಿನಲ್ಲಿತ್ತಂತೆ. ಎರಡು ದಿನದ ನಂತರ ಅದರ ಮುಂಬದಿ ಹಿಂಬದಿ ಎರಡನ್ನೂ ಸ್ಕ್ಯಾನ್ ಮಾಡಿ ಕಳುಹಿಸಿದ. ಹಿಂಬದಿ ಪೂರ್ತಿ ಖಾಲಿ. ತೆಗೆದವರ ಹೆಸರಿಲ್ಲ, ತಾರೀಖಿಲ್ಲ, ಒಂದು ಪೆನ್ಸಿಲ್ ಗೀರೂ ಇಲ್ಲ.

ಮುಂಬದಿ ಮಾತ್ರ ತುಂಬಿ ತುಳುಕುತ್ತಿತ್ತು. ಹಳೆಯ ಚಿತ್ರವನ್ನು ಓದುವುದು ಪಾಠ ಓದಿದಂತೆಯೇ. ಅವಸರಪಟ್ಟರೆ ಸಾರಾಂಶ ಮಾತ್ರ ಸಿಗುತ್ತದೆ, ಒಂದೊಂದೇ ಪದಕ್ಕೆ ನಿಂತರೆ ಅರ್ಥ ಬಿಡಿಸಿಕೊಳ್ಳುತ್ತದೆ. ಪ್ರತಿಮೆಯ ಎಡಕ್ಕೆ ಒಂದು ಮೋಟಾರ್ ಸೈಕಲ್ಲು ನಿಂತಿತ್ತು. ಅದರ ಪೆಟ್ರೋಲ್ ಟ್ಯಾಂಕಿನ ಆಕಾರ ನೋಡಿದೊಡನೆ ಜಾವಾ ಎಂದು ಗುರುತು ಹಿಡಿದೆ. ನಮ್ಮ ಯಾದವಗಿರಿಯಲ್ಲೇ ಐಡಿಯಲ್ ಜಾವಾ ಕಾರ್ಖಾನೆಯಿತ್ತು. ಅಲ್ಲಿ ಗಾಡಿಗಳ ತಯಾರಿಕೆ ಶುರುವಾದದ್ದು 1960ರ ದಶಕದ ಆರಂಭದಲ್ಲಿ, ಬಾಗಿಲು ಹಾಕಿದ್ದು 1996ರಲ್ಲಿ. ಮೈಸೂರಿನ ನಮ್ಮ ತಲೆಮಾರಿನವರಿಗೆ ಆ ಗಾಡಿಯ ಸದ್ದು ಗಡಿಯಾರದ ಸದ್ದಿನಷ್ಟೇ ಪರಿಚಿತ. ಅಲ್ಲಿಗೆ ಚಿತ್ರ ಮೂವತ್ತು ವರ್ಷ ಈಚೆಗೆ ಬಂದಿತು. ಬಲಗಡೆಯ ಗೋಡೆಯ ಮೇಲೆ ಒಂದು ಸಿನಿಮಾ ಪೋಸ್ಟರ್. ದೊಡ್ಡದು ಮಾಡಿ ನೋಡಿದರೆ "ಗಂಧದ ಗುಡಿ" ಎಂಬ ಅಕ್ಷರಗಳು. ಆ ಚಿತ್ರ ಬಿಡುಗಡೆಯಾದದ್ದು 1973ರಲ್ಲಿ. ಹಳೆಯ ಸಿನಿಮಾಗಳು ಮತ್ತೆ ಮತ್ತೆ ತೆರೆಗೆ ಬರುತ್ತಿದ್ದ ಕಾಲವಾದ್ದರಿಂದ ಫೋಟೋ ಅದೇ ವರ್ಷದ್ದೆಂದು ಹೇಳಲಾಗದು. ಆದರೆ ಅದಕ್ಕೂ ಹಿಂದಿನದಲ್ಲವೆಂದು ಗಟ್ಟಿಯಾಗಿ ಹೇಳಬಹುದು. ವಾಹನದ ನಂಬರು ಫಲಕದಲ್ಲಿ ಹಳೆಯ ಮೈಸೂರು ರಾಜ್ಯದ "ಎಂವೈ" ಅಕ್ಷರಗಳಿದ್ದವು. ಈಗಿನ "ಕೆಎ" ಪದ್ಧತಿ ಬಂದದ್ದು 1980ರ ದಶಕದ ಕೊನೆಯಲ್ಲಿ. ಹಾಗಾಗಿ ಈಚಿನ ಎಲ್ಲೆಯೂ ಸಿಕ್ಕಿತು. "ಸುವರ್ಣಯುಗ"ದ ಈ ಚಿತ್ರ ನಾನು ಹೈಸ್ಕೂಲಿಗೆ ಹೋಗುತ್ತಿದ್ದ ಕಾಲದ ಆಸುಪಾಸಿನದು!

ಎರಡನೆಯ ತಪ್ಪು ಆ "ಸುವರ್ಣಯುಗ" ಎಂಬ ಮಾತು. ಆ ದಿನಗಳನ್ನು ಕಣ್ಣಾರೆ ಕಂಡವನು ನಾನು. ರೇಷನ್ ಅಂಗಡಿಯ ಮುಂದೆ ಅಮ್ಮನ ಬದಲಿಗೆ ಸಾಲಿನಲ್ಲಿ ನಿಂತವನು, ಸೀಮೆಎಣ್ಣೆಗೆ ಡಬ್ಬ ಹಿಡಿದವನು. ಆ ಕಾಲದಲ್ಲಿ ಚೆಲುವಿರಲಿಲ್ಲವೆಂದು ನಾನು ಹೇಳಲಾರೆ. ಸಂಜೆಯ ಗಾಳಿಗೆ ಮಾರುಕಟ್ಟೆಯ ಮಲ್ಲಿಗೆಯ ಕಂಪು ಸರ್ಕಲ್ಲಿನವರೆಗೂ ಬರುತ್ತಿತ್ತು. ಜನ ಕಡಿಮೆಯಿದ್ದದ್ದೂ ನಿಜವೇ. 1971ರ ಜನಗಣತಿಯಲ್ಲಿ ಮೈಸೂರು ನಗರದ ಜನಸಂಖ್ಯೆ ಸುಮಾರು ಮೂರೂವರೆ ಲಕ್ಷ, 2011ರ ವೇಳೆಗೆ ಅದು ಒಂಬತ್ತು ಲಕ್ಷದ ಸಮೀಪಕ್ಕೆ ಬಂದಿತ್ತು. ಆದರೆ ಚಿತ್ರದಲ್ಲಿ ರಸ್ತೆ ಖಾಲಿಯಿದ್ದರೆ ಅದು ಆ ಗಳಿಗೆಯ ಮಾತು, ಆ ಯುಗದ ಮಾತಲ್ಲ. ಆ ದಿನಗಳಲ್ಲಿ ಒಂದು ರೋಲು ಫಿಲ್ಮಿನಲ್ಲಿ ಹನ್ನೆರಡೋ ಮೂವತ್ತಾರೋ ಚಿತ್ರ ಬರುತ್ತಿದ್ದವು, ಅಷ್ಟೆ. ಒಂದೊಂದು ಸಲ ಗುಂಡಿ ಒತ್ತಿದಾಗಲೂ ಹಣ ಖರ್ಚು. ಆದ್ದರಿಂದ ಛಾಯಾಗ್ರಾಹಕರು ಬೆಳಕು ಹದವಾಗಿ, ಅಡ್ಡಬರುವವರು ಕಡಿಮೆಯಾಗಿ, ಕಟ್ಟಡ ಪೂರ್ತಿ ಕಾಣುವ ಹೊತ್ತಿಗೆ ಕಾಯುತ್ತಿದ್ದರು. ಪಿಕ್ಚರ್ ಪೋಸ್ಟ್ ಕಾರ್ಡಿಗೆ ತೆಗೆದ ಚಿತ್ರಗಳಂತೂ ಊರಿನ ಮದುವೆ ಸಿಂಗಾರದಂತೆ. ಅವನ್ನು ನೋಡಿ ಊರಿನ ದಿನನಿತ್ಯವನ್ನು ಅಳೆಯುವುದು, ಧಾರೆ ಸೀರೆ ಉಟ್ಟ ಫೋಟೋ ನೋಡಿ ಅಜ್ಜಿ ಬದುಕಿನುದ್ದಕ್ಕೂ ಜರತಾರಿಯನ್ನೇ ಉಡುತ್ತಿದ್ದಳೆಂದು ತಿಳಿದ ಹಾಗೆ.

ಇದಕ್ಕೆ ಛಾಯಾಗ್ರಹಣದ ಚರಿತ್ರೆಯ ಬೆಳಗಿನಲ್ಲೇ ಒಂದು ಉದಾಹರಣೆಯಿದೆ. 1838ರಲ್ಲಿ ಡಾಗೆರ್ ಎಂಬ ಫ್ರೆಂಚ್ ಸಂಶೋಧಕರು ಪ್ಯಾರಿಸ್ ನಗರದ ಬುಲೆವಾರ್ ದ್ಯು ತಾಂಪ್ಲ್ ಎಂಬ ಬೀದಿಯನ್ನು ಮೇಲಿನ ಕಿಟಕಿಯೊಂದರಿಂದ ಸೆರೆಹಿಡಿದರು. ಅದು ಗಾಡಿ ಕುದುರೆಗಳಿಂದ ಗಿಜಿಗುಡುವ ಬೀದಿ. ಚಿತ್ರದಲ್ಲಿ ಮಾತ್ರ ಅದು ಬಿಕೋ ಎನ್ನುತ್ತಿದೆ. ಕಾರಣವೇನೆಂದರೆ, ಬೆಳ್ಳಿ ಲೇಪದ ಆ ಫಲಕದ ಮೇಲೆ ಬಿಂಬ ಮೂಡಲು ಕೆಲವು ನಿಮಿಷಗಳೇ ಬೇಕಾಗಿದ್ದವು. ಅಷ್ಟರಲ್ಲಿ ಓಡಾಡುವವರೆಲ್ಲ ಗುರುತುಳಿಯದೆ ದಾಟಿಹೋದರು. ಉಳಿದವನು ಬೀದಿಯ ಮೂಲೆಯಲ್ಲಿ ಒಂದು ಕಾಲನ್ನು ಮೇಲಿಟ್ಟು ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತ ನಿಂತ ಒಬ್ಬನು, ಮತ್ತು ಅವನ ಪಾದದ ಬಳಿ ಅಸ್ಪಷ್ಟವಾಗಿ ಕಾಣುವ ಪಾಲಿಶ್ ಮಾಡುವವನು. ಮನುಷ್ಯನಿರುವ ಅತ್ಯಂತ ಹಳೆಯ ಛಾಯಾಚಿತ್ರವೆಂದು ಅದನ್ನು ಹೇಳುತ್ತಾರೆ. ಇಡೀ ಬೀದಿಯಲ್ಲಿ ಒಂದೆಡೆ ನಿಂತವನೊಬ್ಬ, ಅವನ ಕಾಲಬುಡದಲ್ಲಿ ಕುಳಿತು ದುಡಿಯುವವನೊಬ್ಬ. ಇಬ್ಬರ ಹೆಸರೂ ಲೋಕಕ್ಕೆ ತಿಳಿಯದು. ಖಾಲಿಯಾಗಿ ಕಾಣುವುದೆಲ್ಲ ಖಾಲಿಯಲ್ಲ ಎಂಬ ಪಾಠ ಆ ಮೊದಲ ಚಿತ್ರದಲ್ಲೇ ಇದೆ.

ಮೂರನೆಯ ತಪ್ಪು ಬಣ್ಣದ್ದು. ಬಣ್ಣ ತುಂಬುವುದೇ ಪಾಪವೆಂದು ನಾನು ಹೇಳುವುದಿಲ್ಲ. ಹಿಂದೆಯೂ ಸ್ಟುಡಿಯೋಗಳಲ್ಲಿ ಕುಂಚ ಹಿಡಿದು ಕೆನ್ನೆಗೆ ಕೆಂಪು, ಅಂಚಿಗೆ ಚಿನ್ನ ಹಚ್ಚುತ್ತಿದ್ದರು. ನಮ್ಮ ಅಜ್ಜನ ಚಿತ್ರಕ್ಕೂ ಹಾಗೆ ಹಚ್ಚಿಸಿದ್ದಾರೆ. ನೋಡಿದವರಿಗೆ ಅದು ಹಚ್ಚಿದ ಬಣ್ಣವೆಂದು ತಿಳಿಯುತ್ತಿತ್ತು. ಈಗಿನ ಕೃತಕ ಬುದ್ಧಿಮತ್ತೆಯ ತಂತ್ರಾಂಶ ಹಾಗಲ್ಲ. ತನಗೆ ತಿಳಿಯದ್ದನ್ನು ತಿಳಿದಂತೆಯೇ ತುಂಬಿಬಿಡುತ್ತದೆ. ಮೂಲದಲ್ಲಿ ಮಸುಕಾಗಿದ್ದ ಮುಖಗಳಿಗೆ ಅದು ಹೊಸ ಕಣ್ಣು ಮೂಗು ಕೊಟ್ಟಿತ್ತು. ಆ ಮುಖದವರು ಯಾರೂ ಅಂದು ಕೆ.ಆರ್. ಸರ್ಕಲ್ಲಿನಲ್ಲಿ ಇರಲಿಲ್ಲ! ಪೋಸ್ಟರಿನ "ಗಂಧದ ಗುಡಿ" ಕನ್ನಡವೂ ಅಲ್ಲದ, ಇಂಗ್ಲಿಷೂ ಅಲ್ಲದ ಯಾವುದೋ ಲಿಪಿಯಾಗಿತ್ತು. ಇಸವಿ ಹೇಳುತ್ತಿದ್ದ ಒಂದೇ ಸಾಕ್ಷಿಯನ್ನು ಬಣ್ಣ ಅಳಿಸಿಹಾಕಿತ್ತು. ಪರೀಕ್ಷೆಯಲ್ಲಿ ಉತ್ತರ ಬಾರದ ಹುಡುಗ ಜಾಗ ಖಾಲಿ ಬಿಟ್ಟರೆ ನನಗೆ ಬೇಸರವಿರುತ್ತಿರಲಿಲ್ಲ. ಮುದ್ದಾದ ಅಕ್ಷರದಲ್ಲಿ ಕಟ್ಟುಕಥೆ ಬರೆದು ಪುಟ ತುಂಬಿಸಿದರೆ ಮಾತ್ರ ಕೆಂಪು ಶಾಯಿ ಎತ್ತಿಕೊಳ್ಳುತ್ತಿದ್ದೆ. ಈ ಯಂತ್ರ ಎರಡನೆಯ ಬಗೆಯ ಹುಡುಗ.

ಇಷ್ಟರವರೆಗೆ ನಾನು ಮೇಷ್ಟ್ರಾಗಿಯೇ ಮಾತಾಡಿದೆ. ಇನ್ನು ಮುಂದಿನದು ಹೇಳಲು ಸ್ವಲ್ಪ ಕಷ್ಟ.

ಮೂಲ ಪ್ರತಿ ಬಣ್ಣದ ಪ್ರತಿಗಿಂತ ಉದ್ದವಾಗಿತ್ತು. ಕೆಳಗೆ ಎರಡು ಬೆರಳಗಲದ ಪಟ್ಟಿಯೊಂದು ಹೆಚ್ಚಾಗಿ ಇತ್ತು. ಅದರಲ್ಲಿ ಮಾರುಕಟ್ಟೆಯ ಕಡೆಯ ಫುಟ್‌ಪಾತು. ಹರಡಿದ ಬಾಳೆಲೆ, ಬುಟ್ಟಿಗಳು, ಒಂದು ಮಲಗಿದ ನಾಯಿ. ಬಲತುದಿಯಲ್ಲಿ ಕಂಬಕ್ಕೆ ಕಟ್ಟಿದ ಒಂದು ಛತ್ರಿ, ಅದರ ನೆರಳಲ್ಲಿ ಮರದ ಪೆಟ್ಟಿಗೆ, ಪೆಟ್ಟಿಗೆಯ ಹಿಂದೆ ತಲೆ ತಗ್ಗಿಸಿ ಕುಳಿತ ಒಬ್ಬ ವ್ಯಕ್ತಿ. ತೊಡೆಯ ಮೇಲೆ ಏನೋ ಹೊಳೆಯುತ್ತಿದೆ. ಕೈಯಲ್ಲಿ ಪುಟ್ಟ ಸುತ್ತಿಗೆ.

"ಈ ಭಾಗ ಏಕೆ ಬಿಟ್ಟೆ?" ಎಂದು ಶಿಷ್ಯನನ್ನು ಕೇಳಿದೆ. "ಅಲ್ಲೆಲ್ಲ ಗಲೀಜಿತ್ತು ಸಾರ್, ಚಿತ್ರ ಕೆಡುತ್ತಿತ್ತು. ಅದಕ್ಕೇ ಕತ್ತರಿಸಿದೆ" ಎಂದ, ಮುಗ್ಧವಾಗಿ.

ನಮ್ಮ ತಂದೆ ಪಾತ್ರೆಗಳಿಗೆ ಹೆಸರು ಹಾಕುವವರಾಗಿದ್ದರು. ಬಂಧುಗಳಿಗೆ ಇದು ತಿಳಿದ ವಿಷಯ. ಶಿಷ್ಯರಲ್ಲಿ ಯಾರಿಗೂ ನಾನು ಹೇಳಿದವನಲ್ಲ. ದೇವರಾಜ ಮಾರುಕಟ್ಟೆಯ ಹೊರಗೆ, ಪಾತ್ರೆ ಅಂಗಡಿಯಿಂದ ಹೊಸ ಲೋಟ, ಚೊಂಬು, ತಟ್ಟೆ ಕೊಂಡು ಬಂದವರಿಗೆ ಉಳಿ ಸುತ್ತಿಗೆಯಿಂದ ಚುಕ್ಕಿ ಚುಕ್ಕಿಯಾಗಿ ಹೆಸರು ಕೆತ್ತಿಕೊಡುವ ಕೆಲಸ. ಅಕ್ಷರಕ್ಕೆ ಇಷ್ಟು ಪೈಸೆ ಎಂದು ಲೆಕ್ಕ, ಒತ್ತಕ್ಷರಕ್ಕೆ ಬೇರೆ ದುಡ್ಡಿಲ್ಲ. ಅವರು ಓದಿದ್ದು ಮಿಡ್ಲ್ ಸ್ಕೂಲಿನವರೆಗೆ ಮಾತ್ರ, ಆದರೆ ಕಾಗುಣಿತದಲ್ಲಿ ಒಂದು ತಪ್ಪು ಬಿಡುತ್ತಿರಲಿಲ್ಲ. "ಕಾಗದದ ಮೇಲಿನ ತಪ್ಪನ್ನು ಅಳಿಸಬಹುದು, ಸ್ಟೀಲಿನ ಮೇಲಿನದನ್ನು ಅಳಿಸಲಾಗದು" ಎನ್ನುತ್ತಿದ್ದರು. ಹೆಸರಿನ ಜೊತೆಗೆ ತಾರೀಖನ್ನೂ ಹಾಕುವಂತೆ ಎಲ್ಲರಿಗೂ ಹೇಳುತ್ತಿದ್ದರು. ಹಾಕಿಸಿಕೊಳ್ಳಲು ಕಾಸಿಲ್ಲವೆಂದರೆ ಇಸವಿಯನ್ನಾದರೂ ಬಿಟ್ಟಿಯಾಗಿ ಕೆತ್ತುತ್ತಿದ್ದರು. "ನಾಳೆ ಮದುವೆ ಮನೆಗೆ ಹೋದ ಪಾತ್ರೆ ತಿರುಗಿ ಬರಬೇಕಾದರೆ ಹೆಸರಿರಬೇಕು. ಯಾರ ಕಾಲದ್ದೆಂದು ಮೊಮ್ಮಕ್ಕಳಿಗೆ ತಿಳಿಯಬೇಕಾದರೆ ತಾರೀಖಿರಬೇಕು" ಎಂಬುದು ಅವರ ಮಾತು.

ನಾನು ಹೈಸ್ಕೂಲಿನಲ್ಲಿದ್ದಾಗ ಸಂಜೆ ಗೆಳೆಯರ ಜೊತೆ ಸಯ್ಯಾಜಿರಾವ್ ರಸ್ತೆಯಲ್ಲಿ ಬರುತ್ತಿದ್ದೆ. ಅವರಲ್ಲಿ ಹೆಚ್ಚಿನವರ ತಂದೆಯರು ಕಚೇರಿಗೆ ಹೋಗುವವರು. ಒಂದು ದಿನ ತಂದೆ ನನ್ನನ್ನು ಕಂಡು ಸುತ್ತಿಗೆ ಹಿಡಿದ ಕೈಯನ್ನೇ ಮೇಲೆತ್ತಿ ಕರೆದರು. ನಾನು ಎದುರಿನ ಅಂಗಡಿಯ ಬೋರ್ಡು ಓದುವವನಂತೆ ಮುಖ ತಿರುಗಿಸಿದೆ. ಪಕ್ಕದವನು "ಯಾರೋ ನಿನ್ನನ್ನು ಕರೆದ ಹಾಗಿತ್ತು" ಎಂದ. "ನನ್ನನ್ನಲ್ಲ" ಎಂದೆ. ಆ ದಿನ ರಾತ್ರಿ ತಂದೆ ಏನೂ ಕೇಳಲಿಲ್ಲ. ಅಂದಿನಿಂದ ನಾನು ಆ ದಾರಿ ಬಿಟ್ಟು ಬಳಸುದಾರಿ ಹಿಡಿದೆ. ಅವರೂ ಮತ್ತೆಂದೂ ನನ್ನನ್ನು ಬೀದಿಯಲ್ಲಿ ಕರೆಯಲಿಲ್ಲ. ಮುಂದೆ ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದಾಗ, ತಂದೆ ಏನು ಮಾಡುತ್ತಾರೆಂದು ಸಹೋದ್ಯೋಗಿಗಳು ಕೇಳಿದರೆ "ಮಾರ್ಕೆಟ್ಟಿನಲ್ಲಿ ವ್ಯಾಪಾರ" ಎಂದು ಮಾತು ಮುಗಿಸುತ್ತಿದ್ದೆ.

ಆದ್ದರಿಂದ ಶಿಷ್ಯನ ಮೇಲೆ ನನಗೆ ಕೋಪವಿಲ್ಲ. ಅವನು ಕತ್ತರಿಸಿದ್ದು ತನಗೆ ಗುರುತಿಲ್ಲದವರನ್ನು. ಅವನಿಗಿಂತ ಐವತ್ತು ವರ್ಷ ಮೊದಲೇ ಅದೇ ಮೂಲೆಯನ್ನು ಗುರುತಿದ್ದೂ ಕತ್ತರಿಸಿದವನು ನಾನು.

ಚಿತ್ರದಲ್ಲಿರುವವರು ನಮ್ಮ ತಂದೆಯೇ? ಮುಖ ಕಾಣುವುದಿಲ್ಲ. ಅಲ್ಲಿ ಆ ಕಸುಬಿನವರು ಬೇರೆಯವರೂ ಇದ್ದರು. ತಾಯಿ ಇದ್ದಿದ್ದರೆ ನೋಡಿದೊಡನೆ ಹೇಳುತ್ತಿದ್ದರು, ಅವರಿಲ್ಲ. ಕಡೆಗೆ ನಂಜನಗೂಡಿನಲ್ಲಿರುವ ಸೋದರತ್ತೆಯ ಬಳಿಗೆ ಚಿತ್ರವನ್ನು ದೊಡ್ಡದಾಗಿ ಅಚ್ಚು ಹಾಕಿಸಿಕೊಂಡು ಹೋದೆ. ಎಂಬತ್ತೆಂಟರ ಅತ್ತೆ ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿದರು. "ಛತ್ರಿ ಯಾರದ್ದಾದರೂ ಇರಬಹುದು ಕಣಪ್ಪ. ಸುತ್ತಿಗೆ ಎಡಗೈಲಿದೆ ನೋಡು. ನಮ್ಮಣ್ಣ ಎಡಚ. ಅಪ್ಪಯ್ಯ ಎಷ್ಟು ಹೊಡೆದರೂ ಬಲಗೈಗೆ ಬರಲಿಲ್ಲ" ಎಂದರು.

ಬಂಧುಗಳೇ, ತಂದೆ ಎಡಗೈಯವರೆಂಬುದೇ ನನಗೆ ಮರೆತುಹೋಗಿತ್ತು. ಹೆಸರು ಕೆತ್ತುವ ಆ ಕೈಯನ್ನು ನಾನು ಸರಿಯಾಗಿ ನೋಡಿದ್ದರಲ್ಲವೇ ನೆನಪಿರುವುದು! ಮೇಷ್ಟ್ರ ಬುದ್ಧಿ ಅಷ್ಟಕ್ಕೇ ಒಪ್ಪಲಿಲ್ಲ. ನೆಗೆಟಿವ್ ತಿರುವುಮುರುವಾಗಿ ಅಚ್ಚಾದರೆ ಬಲಗೈ ಎಡಗೈಯಾಗಿ ಕಾಣುತ್ತದೆ. ಆದರೆ ಈ ಚಿತ್ರದಲ್ಲಿ ಪೋಸ್ಟರಿನ ಅಕ್ಷರಗಳು ನೆಟ್ಟಗಿವೆ. ಆದ್ದರಿಂದ ಎಡಗೈ ಎಡಗೈಯೇ. ನೂರಕ್ಕೆ ತೊಂಬತ್ತು ಅಂಕ ಕೊಟ್ಟಿದ್ದೇನೆ. ಉಳಿದ ಹತ್ತು ಅಂಕ ಸಿಗಬೇಕಾದ ಜಾಗ ಫೋಟೋದ ಹಿಂಬದಿ. ಅದು ಖಾಲಿಯಿದೆ.

ಈಗ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ. ಹಳೆಯ ಬೀದಿಯ ಚಿತ್ರಗಳನ್ನು ನಾವು ಕಟ್ಟಡಗಳಿಗಾಗಿ, ಮರಗಳಿಗಾಗಿ, "ಎಂಥ ಕಾಲ!" ಎಂದು ಉಸಿರುಬಿಡುವುದಕ್ಕಾಗಿ ನೋಡುತ್ತೇವೆ. ಕಟ್ಟಡಕ್ಕೆ ಬೇರೆ ದಾಖಲೆಗಳಾದರೂ ಇರುತ್ತವೆ. ನಕ್ಷೆ, ಶಾಸನ, ಕಚೇರಿ ಕಡತ ಇರುತ್ತದೆ. ಆದರೆ ಫುಟ್‌ಪಾತಿನ ಮೇಲೆ ಕುಳಿತವರಿಗೆ, ಟಾಂಗಾ ಓಡಿಸಿದವರಿಗೆ, ಮೊಳ ಹಾಕಿ ಹೂವು ಮಾರಿದವರಿಗೆ ಇನ್ನಾವ ದಾಖಲೆಯಿದೆ? ಛಾಯಾಗ್ರಾಹಕ ಪ್ರತಿಮೆಯತ್ತ ಗುರಿಯಿಟ್ಟಾಗ ಅಕಸ್ಮಾತ್ತಾಗಿ ಅಂಚಿನಲ್ಲಿ ಸಿಕ್ಕಿಬಿದ್ದ ಆ ಎರಡು ಬೆರಳಗಲದ ಪಟ್ಟಿಯೇ ಅವರ ಇತಿಹಾಸ. ಹಳೆಯ ಫೋಟೋದ ನಿಜವಾದ ಬೆಲೆ ಅದರ ಅಂಚಿನಲ್ಲಿದೆ. ನಾವು ಮೊದಲು ಕತ್ತರಿಸುವುದೂ ಅದನ್ನೇ.

ಆ ಅಂಚನ್ನೇ ನಡುವಿಗೆ ತಂದವರೂ ನಮ್ಮ ಊರಿನಲ್ಲಿದ್ದರು. ಮೈಸೂರಿನಲ್ಲಿ ಹುಟ್ಟಿ ಬೆಳೆದ ಟಿ.ಎಸ್. ಸತ್ಯನ್ (1923–2009) ಅವರು ದೇಶವೆಲ್ಲ ಸುತ್ತಿ ದೊಡ್ಡವರನ್ನೂ ಚಿತ್ರಿಸಿದರು. ಆದರೆ ಅವರ ಕ್ಯಾಮೆರಾ ಸಲೀಸಾಗಿ ಹೋಗಿ ನಿಲ್ಲುತ್ತಿದ್ದದ್ದು ಸಾಧಾರಣ ಜನರ ಮುಂದೆ, ಮಕ್ಕಳ ಮುಂದೆ. 1977ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ಅವರ ಚಿತ್ರಗಳಲ್ಲಿ ಬಡವರು ಕರುಣೆ ಬೇಡುವವರಂತೆ ಕಾಣುವುದಿಲ್ಲ, ತಮ್ಮ ಕೆಲಸದಲ್ಲಿ ಮುಳುಗಿದ ಮನುಷ್ಯರಂತೆ ಕಾಣುತ್ತಾರೆ. ಅಂಥ ಕಣ್ಣು ನನಗೆ ಹದಿನಾಲ್ಕನೆಯ ವಯಸ್ಸಿನಲ್ಲಿ ಇರಬೇಕಿತ್ತು.

ಇದಕ್ಕೆ ಎದುರಾಗಿ ಹೇಳುವವರ ಮಾತನ್ನೂ ಬಲ್ಲೆ. "ಸಾರ್, ಹಳೆಯ ಚಿತ್ರ ನೋಡಿ ನಾಲ್ಕು ಜನ ಸಂತೋಷಪಟ್ಟರೆ ನಷ್ಟವೇನು? ಬಣ್ಣ ಹಾಕಿದರೆ ನಮ್ಮ ಮಕ್ಕಳಾದರೂ ನೋಡುತ್ತಾರೆ" ಎಂದು ನನ್ನ ಶಿಷ್ಯನೇ ವಾದಿಸಿದ. ಮಾತಿನಲ್ಲಿ ಸತ್ಯಾಂಶವಿದೆ. ಬಣ್ಣವಿಲ್ಲದಿದ್ದರೆ ಆ ಚಿತ್ರ ನನ್ನ ಫೋನಿಗೂ ಬರುತ್ತಿರಲಿಲ್ಲ. ಆದ್ದರಿಂದ ಬಣ್ಣ ಹಾಕಿ, ಬೇಡವೆನ್ನುವುದಿಲ್ಲ. ಆದರೆ ಹಾಕಿದ ಬಣ್ಣವೆಂದು ಬರೆಯಿರಿ, ಮೂಲವನ್ನು ಅದರ ಪಕ್ಕದಲ್ಲೇ ಇಡಿ. ಇನ್ನೊಂದು ಆಕ್ಷೇಪ ಇದಕ್ಕಿಂತ ತೂಕದ್ದು. ಬೀದಿಯಲ್ಲಿ ಹೋಗುವವರ ಅಪ್ಪಣೆ ಕೇಳದೆ ಚಿತ್ರ ತೆಗೆದದ್ದೇ ಸರಿಯೇ, ಈಗ ಅವರ ಹೆಸರು ಹಿಡಿದು ಊರಿಗೆಲ್ಲ ಸಾರುವುದು ಸರಿಯೇ? ನಮ್ಮ ತಂದೆಗೂ ಇದು ಹಿಡಿಸುತ್ತಿತ್ತೋ ಇಲ್ಲವೋ ಹೇಳಲಾರೆ. ಹಾಗಾಗಿ ಕಂಡವರ ಹೆಸರನ್ನೆಲ್ಲ ಜಾಲಕ್ಕೆ ಏರಿಸಿ ಎಂದು ನಾನು ಹೇಳುತ್ತಿಲ್ಲ. ಮನೆಯ ಆಲ್ಬಮ್ಮಿನ ಹಿಂಬದಿಯಲ್ಲಿ ಬರೆದಿಡಿ ಎನ್ನುತ್ತಿದ್ದೇನೆ. ಹೆಸರು ಕಾಪಾಡುವುದಕ್ಕೆ ಪ್ರಚಾರ ಬೇಕಿಲ್ಲ, ಒಂದು ಪೆನ್ಸಿಲ್ ಸಾಕು.

ಕಟ್ಟಡಗಳ ವಿಷಯದಲ್ಲಾದರೂ ನಾವು ಗೆದ್ದೆವೇ? ಅದೂ ಇಲ್ಲ. 2012ರ ಆಗಸ್ಟಿನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರ ಭಾಗ ಕುಸಿಯಿತು. ದುರಸ್ತಿ ಮಾಡಿ ಉಳಿಸಬೇಕೋ, ಕೆಡವಿ ಹೊಸದಾಗಿ ಕಟ್ಟಬೇಕೋ ಎಂಬ ವಾದ ನ್ಯಾಯಾಲಯದವರೆಗೂ ಹೋಯಿತು. ಕಮಾನು ಎಲ್ಲಿಂದ ಶುರುವಾಗುತ್ತಿತ್ತು, ಅಂಗಡಿಯ ಮುಂದಿನ ಜಗುಲಿ ಎಷ್ಟು ಅಗಲವಿತ್ತು, ಮಾಡು ಯಾವ ಬಗೆಯದು ಎಂಬುದಕ್ಕೆಲ್ಲ ಹಳೆಯ ಫೋಟೋ ಸಾಕ್ಷಿ ಹೇಳಬಲ್ಲದು. ಆದರೆ ತಾರೀಖಿಲ್ಲದ ಸಾಕ್ಷಿ ಕಟಕಟೆಯಲ್ಲಿ ನಿಲ್ಲುವುದಿಲ್ಲ. "ಸುವರ್ಣಯುಗ" ಎಂದು ಒಕ್ಕಣೆ ಬರೆದ ನೂರು ಚಿತ್ರಗಳಿಗಿಂತ, ಹಿಂಬದಿಯಲ್ಲಿ ದಿನಾಂಕ ಬರೆದ ಒಂದು ಚಿತ್ರ ಹೆಚ್ಚಿನ ಕೆಲಸ ಮಾಡೀತು.

ಆದ್ದರಿಂದ ನಿಮಗೆಲ್ಲ ಒಂದು ಮನೆಗೆಲಸ ಕೊಡುತ್ತಿದ್ದೇನೆ. ಬಹುಶಃ ಇದು ನಿಮ್ಮ ಮೇಷ್ಟ್ರು ಕೊಡುವ ಕೊನೆಯ ಮನೆಗೆಲಸ. ಯುಗಾದಿಗೋ ದಸರೆಗೋ ಊರಿಗೆ ಬಂದಾಗ ಮನೆಯ ಹಳೆಯ ಆಲ್ಬಮ್ಮನ್ನು ಅಟ್ಟದಿಂದ ಇಳಿಸಿ. ಮನೆಯಲ್ಲಿ ಎಲ್ಲರಿಗಿಂತ ಹಿರಿಯರ ಪಕ್ಕದಲ್ಲಿ ಕುಳಿತುಕೊಳ್ಳಿ. ಅವಸರ ಬೇಡ, ಅವರು ಕನ್ನಡಕ ಒರೆಸಿಕೊಳ್ಳಲಿ. ಚಿತ್ರದ ನಡುವಿನವರನ್ನು ಎಲ್ಲರೂ ಗುರುತಿಸುತ್ತಾರೆ, ನೀವು ಅಂಚಿನವರನ್ನು ಕೇಳಿ. ಹಿಂದೆ ನಿಂತ ಅಡುಗೆಯವರು ಯಾರು, ಬಾಗಿಲ ಮರೆಯಲ್ಲಿ ಅರ್ಧ ಕಾಣುವ ಹೆಂಗಸು ಯಾರು, ಗಾಡಿಯ ಮೂಕಿಯ ಬಳಿ ನಿಂತ ಹುಡುಗ ಯಾರು. ಹೆಸರು, ಊರು, ಇಸವಿ ಇಷ್ಟನ್ನು ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಹಗುರವಾಗಿ ಬರೆಯಿರಿ. ಬಾಲ್ ಪೆನ್ನಿನಿಂದ ಒತ್ತಿ ಬರೆದರೆ ಮುಂಬದಿಗೆ ಗೀರು ಮೂಡುತ್ತದೆ. ಖಚಿತವಿಲ್ಲದಿದ್ದರೆ "ಇರಬಹುದು" ಎಂದು ಬರೆಯಿರಿ. ಆ ಮಾತಿಗೆ ನಾಚಬೇಕಿಲ್ಲ. ಸ್ಕ್ಯಾನ್ ಮಾಡುವಾಗ ಹಿಂಬದಿಯನ್ನೂ ಮಾಡಿ. ನಿಮ್ಮ ಫೋನಿನಲ್ಲಿರುವ ಸಾವಿರಾರು ಚಿತ್ರಗಳಿಗೂ ಇದೇ ಮಾತು ಸಲ್ಲುತ್ತದೆ. ಫೋನಿಗೆ ತಾರೀಖು ಗೊತ್ತಿರುತ್ತದೆ, ಹೆಸರು ಗೊತ್ತಿರುವುದಿಲ್ಲ.

ನಾನು ನನ್ನ ಪಾಲಿನದನ್ನು ಮುಗಿಸಿದ್ದೇನೆ. ಅಚ್ಚು ಹಾಕಿಸಿದ ಪ್ರತಿಯ ಹಿಂಬದಿಯಲ್ಲಿ ಹೀಗೆ ಬರೆದೆ: "ಕೆ.ಆರ್. ಸರ್ಕಲ್, ಮೈಸೂರು. 1973ರ ನಂತರ, 1980ರ ದಶಕದ ಕೊನೆಗೆ ಮೊದಲು. ಬಲತುದಿಯಲ್ಲಿ ಪಾತ್ರೆಗೆ ಹೆಸರು ಹಾಕುವವರು." ಅದರ ಮುಂದೆ ತಂದೆಯ ಪೂರ್ತಿ ಹೆಸರು, ಒತ್ತಕ್ಷರ ಬಿಡದೆ. ಅದರ ಮುಂದೆ "ಇರಬಹುದು." ಕೆಳಗೆ "ಗುರುತಿಸಿದವರು ತಂಗಿ" ಎಂದು ಅತ್ತೆಯ ಹೆಸರು, ಗುರುತಿಸಿದ ದಿನದ ತಾರೀಖು. ನನ್ನ ಹೆಸರು ಬರೆಯಲಿಲ್ಲ. ಗುರುತಿಸಿದವನು ನಾನಲ್ಲವಲ್ಲ.

ಶಿಷ್ಯನಿಗೆ ಈ ಕಥೆಯನ್ನು ಹೇಳಿದಾಗ ಅವನು ಬಹಳ ಹೊತ್ತು ಸುಮ್ಮನಿದ್ದ. ಮರುದಿನ ಆ ಗುಂಪಿಗೆ ಚಿತ್ರವನ್ನು ಮತ್ತೆ ಹಾಕಿದ್ದಾನೆ. ಕಪ್ಪುಬಿಳುಪಿನಲ್ಲೇ, ಕೆಳಗಿನ ಪಟ್ಟಿಯ ಸಮೇತ. ಒಕ್ಕಣೆಯಲ್ಲಿ ಸುವರ್ಣಯುಗದ ಮಾತಿಲ್ಲ. "ಬಲತುದಿಯಲ್ಲಿ ಕುಳಿತವರನ್ನು ನೋಡಿ" ಎಂದಷ್ಟೇ ಇದೆ.

ನಮ್ಮ ಮನೆಯಲ್ಲಿ ಈಗಲೂ ತಂದೆ ಕೆತ್ತಿದ ಒಂದು ಚೊಂಬಿದೆ. ಅಮ್ಮನ ಹೆಸರು, ಕೆಳಗೆ 12-4-1969. ಚುಕ್ಕಿಗಳು ಸವೆದಿವೆ, ಆದರೆ ಬೆರಳಿಟ್ಟರೆ ಓದಲು ಬರುತ್ತದೆ. ನಿಮ್ಮ ಮನೆಗಳಲ್ಲೂ ಅಂಥ ಪಾತ್ರೆಗಳಿರಬಹುದು. ಮೈಸೂರಿನ ಮಾರುಕಟ್ಟೆಯಲ್ಲಿ ಆ ಕಾಲದಲ್ಲಿ ಕೊಂಡದ್ದಾಗಿದ್ದರೆ, ಹೆಸರಿನ ಜೊತೆ ಇಸವಿಯೂ ಇದ್ದರೆ, ಒಮ್ಮೆ ನನಗೆ ತಿಳಿಸಿ. ನೋಡಲು ಬರುತ್ತೇನೆ.

ಇತಿ,
ನಿಮ್ಮ ಮೇಷ್ಟ್ರು